ಕಾರು ನಮ್ಮದು, ಬೀಗದ ಕೈ ಅವರದು!

ಮಾಕುಟ್ಟ ಗೊತ್ತೇ ನಿಮಗೆ? ವಿರಾಜಪೇಟೆಯಿಂದ ಹೊರಟು ಪೆರುಂಬಾಡಿ ದಾಟಿದರೆ ರಸ್ತೆ ಕಾಡಿನೊಳಕ್ಕೆ ಇಳಿಯುತ್ತದೆ. ಬಲಕ್ಕೆ ಗುಡ್ಡ, ಎಡಕ್ಕೆ ಕಂದರ, ತಲೆಯ ಮೇಲೆ ಮರ. ಇಳಿದು ಇಳಿದು ಮಾಕುಟ್ಟ ಮುಟ್ಟಿದರೆ ಕರ್ನಾಟಕ ಮುಗಿಯುವುದಕ್ಕೆ ಬಂತು. ಹೊಳೆ ದಾಟಿದರೆ ಕೂಟುಪುಳ, ಆಮೇಲೆ ಇರಿಟ್ಟಿ, ಕಣ್ಣೂರು. ಬೆಂಗಳೂರಿನ ಹುಡುಗರು ಬುಲೆಟ್ ಓಡಿಸಿಕೊಂಡು ಹೋಗಿ ಫೋಟೊ ತೆಗೆಸಿಕೊಳ್ಳುವ ರಸ್ತೆ ಇದು. 2018ರ ಜೂನ್‌ನಲ್ಲಿ ಗುಡ್ಡ ಜರಿದು ವಾರಗಟ್ಟಲೆ ಮುಚ್ಚಿದ್ದ ರಸ್ತೆಯೂ ಇದೇ. 2020ರ ಮಾರ್ಚ್‌ನಲ್ಲಿ ಕೊರೊನಾ ಎಂದು ನಮ್ಮ ಸರ್ಕಾರ ಮಣ್ಣು ಸುರಿದು ಬಂದ್ ಮಾಡಿದ್ದ ರಸ್ತೆಯೂ ಇದೇ.

ಆ ಮಣ್ಣಿನ ದಿಬ್ಬ ಕಣ್ಣಿಗೆ ಕಾಣುತ್ತಿತ್ತು. ಅದರ ಮೇಲೆ ನಿಂತು ಕೂಗಬಹುದಿತ್ತು, ಬೈಯಬಹುದಿತ್ತು. ನಾನು ಈಗ ಹೇಳಲು ಹೊರಟಿರುವ ಬೀಗ ಕಣ್ಣಿಗೇ ಕಾಣುವುದಿಲ್ಲ.

ಕಳೆದ ಮಳೆಗಾಲದ ಕೊನೆ. ಕಣ್ಣೂರಿನಲ್ಲಿ ಗೆಳೆಯನ ಮದುವೆ. ನಾವು ಮೂವರು ನನ್ನ ಕಾರಿನಲ್ಲಿ ಹೊರಟಿದ್ದೆವು. ಕಾರು ಸೆಕೆಂಡ್ ಹ್ಯಾಂಡ್. ಬೆಂಗಳೂರಿನಲ್ಲಿ ಸಂಬಳ ಪಡೆದು, ಬಾಡಿಗೆ ಕಟ್ಟಿ, ಊರಿಗೆ ಕಳಿಸಿ ಉಳಿದಿದ್ದರಲ್ಲಿ ಕೊಂಡದ್ದು. ಮೊದಲ ಮಾಲೀಕ ತೋರಿಸುವಾಗ ಚಾವಣಿಯ ಮೇಲಿನ ಕೆಂಪು ಗುಂಡಿಯನ್ನು ಹೆಮ್ಮೆಯಿಂದ ತೋರಿಸಿದ್ದ. "ಇದನ್ನ ಒತ್ತಿದ್ರೆ ಸಾಕು ಸಾರ್, ಎಲ್ಲಿದ್ರೂ ಸಹಾಯ ಬರತ್ತೆ." ಆ ಗುಂಡಿಗೂ ಸೇರಿಸಿಯೇ ನಾನು ದುಡ್ಡು ಎಣಿಸಿದ್ದೆ.

ರಾತ್ರಿ ಎಂಟೂವರೆ. ಘಾಟಿಯಲ್ಲಿ ಧೋ ಎಂದು ಮಳೆ. ಎದುರು ಬಂದ ಲಾರಿಗೆ ದಾರಿ ಬಿಡಲು ಹೋಗಿ ಎಡಗಡೆಯ ಎರಡೂ ಚಕ್ರ ಚರಂಡಿಗೆ ಇಳಿದವು. ಗಾಡಿ ವಾಲಿ ನಿಂತಿತು. ಆನೆ ಓಡಾಡುವ ಜಾಗ. ಮೂವರ ಫೋನಿನಲ್ಲೂ ನೆಟ್‌ವರ್ಕ್ ಇಲ್ಲ. ಆಗ ನೆನಪಾಯಿತು ಕೆಂಪು ಗುಂಡಿ. ಒತ್ತಿದೆ.

ಮೊದಲು ಹಿಂದಿಯಲ್ಲಿ ಒಂದು ಹೆಣ್ಣು ದನಿ. ಆಮೇಲೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ. ನಿಮ್ಮ ಯೋಜನೆಯ ಅವಧಿ ಮುಗಿದಿದೆ, ದಯವಿಟ್ಟು ಆ್ಯಪ್‌ನಲ್ಲಿ ನವೀಕರಿಸಿಕೊಳ್ಳಿ!

ಹೇಗಿದೆ ನೋಡಿ! ಚಂದಾ ಕಟ್ಟಲು ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇದ್ದಿದ್ದರೆ ನಾನು ಆ ಗುಂಡಿಯನ್ನು ಯಾಕೆ ಒತ್ತುತ್ತಿದ್ದೆ? ಚಂದಾ ಕಟ್ಟಿದ್ದರೂ ಆ ಕಾಡಿನಿಂದ ಕರೆ ಹೋಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು. ಹೋಗುತ್ತದೆಯೇ ಎಂದು ನೋಡುವ ಅವಕಾಶವನ್ನೂ ಆ ಗಾಡಿ ನನಗೆ ಕೊಡಲಿಲ್ಲ. ಗುಂಡಿ ಅಲ್ಲೇ ಇತ್ತು. ತಂತಿ ಇತ್ತು. ಒಳಗೆ ಸಿಮ್ ಇತ್ತು, ಮೈಕ್ ಇತ್ತು. ಎಲ್ಲ ನನ್ನ ಕಾರಿನಲ್ಲೇ ಇತ್ತು. ನನ್ನದಾಗಿರಲಿಲ್ಲ, ಅಷ್ಟೇ.

ಕೊನೆಗೆ ನಮ್ಮನ್ನು ಎತ್ತಿದ್ದು ಕಣ್ಣೂರಿಗೆ ತರಕಾರಿ ಇಳಿಸಿ ಖಾಲಿ ಲಾರಿಯಲ್ಲಿ ಮೈಸೂರಿಗೆ ಮರಳುತ್ತಿದ್ದ ಒಬ್ಬ ಮಲಯಾಳಿ ಡ್ರೈವರ್. "ಏನ್ ಆಯ್ತು ಸಾರೇ? ಹೆದರ್ಬೇಡಿ, ಹಗ್ಗ ಉಂಟು" ಎಂದ. ಮುರುಕು ಕನ್ನಡ. ಆದರೆ ಕನ್ನಡ! ಲಕ್ಷಗಟ್ಟಲೆ ಬೆಲೆಯ ಕಾರಿಗೆ ಬಾರದ ಕನ್ನಡ ಮೈಸೂರು ಮಾರ್ಕೆಟ್ಟಿಗೆ ಹೋಗಿ ಬರುವ ಆ ಮನುಷ್ಯನಿಗೆ ಬರುತ್ತಿತ್ತು. ಗಡಿಯಲ್ಲಿ ನಿಂತು ಪಕ್ಕದ ರಾಜ್ಯದವರ ಮೇಲೆ ಹಲ್ಲು ಕಡಿಯುವ ನಮ್ಮ ಕೆಲವು ಗೆಳೆಯರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಲಿ. ನಮ್ಮ ಜಗಳ ಅವನ ಜೊತೆ ಅಲ್ಲ.

ಜಗಳ ಯಾರ ಜೊತೆ ಎಂದು ಈಗ ನೋಡೋಣ.

ಕಾರು ಎಂದರೆ ಹಿಂದೆ ಒಂದು ವಸ್ತು. ದುಡ್ಡು ಕೊಟ್ಟಿರಿ, ಕೀಲಿ ಕೈಗೆ ಬಂತು, ವ್ಯವಹಾರ ಮುಗಿಯಿತು. ಈಗಿನ ಕಾರಿನಲ್ಲಿ ಸೀಟಿನಿಂದ ಬ್ಯಾಟರಿಯವರೆಗೆ ಎಲ್ಲದರ ಮೇಲೂ ಒಂದು ಕಂಪ್ಯೂಟರ್ ಕೂತಿದೆ. ಆ ಕಂಪ್ಯೂಟರಿನ ಲಗಾಮು ಕಂಪನಿಯ ಕೈಯಲ್ಲಿದೆ. ಗಾಡಿ ನಿಮ್ಮ ಮನೆಯ ಮುಂದೆ ನಿಂತಿದ್ದರೂ ಅವರು ಅಲ್ಲಿಂದಲೇ ಒಂದು ಸೌಲಭ್ಯವನ್ನು ತೆರೆಯಬಲ್ಲರು, ಮುಚ್ಚಬಲ್ಲರು. ಇದು ಗೊತ್ತಾದ ಕೂಡಲೇ ವ್ಯಾಪಾರಿಗೆ ಏನು ಹೊಳೆಯುತ್ತದೆ ಹೇಳಿ? ಒಮ್ಮೆ ಮಾರಿದ್ದನ್ನೇ ತಿಂಗಳು ತಿಂಗಳು ಮತ್ತೆ ಮಾರಬಹುದು ಎಂದು!

2022ರಲ್ಲಿ ಬಿಎಂಡಬ್ಲ್ಯು ದಕ್ಷಿಣ ಕೊರಿಯಾದಲ್ಲಿ ಸೀಟು ಬಿಸಿ ಮಾಡುವುದಕ್ಕೆ ತಿಂಗಳಿಗೆ ಸುಮಾರು 18 ಡಾಲರ್ ಕೇಳಿತು. ಸೀಟಿನೊಳಗೆ ಕಾಯುವ ತಂತಿ ಕಾರ್ಖಾನೆಯಲ್ಲೇ ಹೊಲಿದು ಬಂದಿದೆ. ನೀವು ಅದರ ಮೇಲೇ ಕೂತಿದ್ದೀರಿ. ಆದರೆ ಕಾಸು ಬಿಚ್ಚದಿದ್ದರೆ ತಣ್ಣಗೆ ಕೂರಿ! ಜನ ಉಗಿದರು. ಬರೀ ಉಗಿದರಷ್ಟೇ, ಮತ್ತೇನೂ ಮಾಡಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಕಂಪನಿ ಬಿಸಿ ಸೀಟಿನ ಬಾಡಿಗೆಯನ್ನು ಕೈಬಿಟ್ಟಿತು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮರ್ಸಿಡಿಸ್ 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತನ್ನ ಎಲೆಕ್ಟ್ರಿಕ್ ಕಾರು ಇನ್ನಷ್ಟು ಬೇಗ ಓಡಬೇಕಾದರೆ ವರ್ಷಕ್ಕೆ 1,200 ಡಾಲರ್ ಎಂದಿತು. ಮೋಟಾರು ಅದೇ, ಬ್ಯಾಟರಿ ಅದೇ. ಹೊಸದಾಗಿ ಒಂದು ಬೋಲ್ಟೂ ಹಾಕುವುದಿಲ್ಲ. 2025ರಲ್ಲಿ ಫೋಕ್ಸ್‌ವ್ಯಾಗನ್ ಬ್ರಿಟನ್ನಿನಲ್ಲಿ ಐಡಿ.3 ಕಾರಿನ ಪೂರ್ತಿ ಶಕ್ತಿಗೆ ತಿಂಗಳಿಗೆ 16.50 ಪೌಂಡ್, ಇಲ್ಲವಾದರೆ ಒಂದೇ ಸಲ 649 ಪೌಂಡ್ ಎಂದು ಬೆಲೆ ಕಟ್ಟಿತು. ಎತ್ತನ್ನು ಮಾರಿ, ಅದರ ಒಂದು ಕಾಲಿಗೆ ಹಗ್ಗ ಕಟ್ಟಿ, ಬಿಚ್ಚಬೇಕಾದರೆ ತಿಂಗಳಿಗಿಷ್ಟು ಕೊಡು ಎಂದರೆ ನಮ್ಮ ಸಂತೆಯಲ್ಲಿ ಏನು ಮಾಡುತ್ತಿದ್ದರು?

ಟೆಸ್ಲಾದ ಕಥೆ ಇವೆಲ್ಲಕ್ಕಿಂತ ಚೆನ್ನಾಗಿದೆ. 2017ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾಕ್ಕೆ ಇರ್ಮಾ ಚಂಡಮಾರುತ ಬಂತು. ಜನ ಕಾರು ಹತ್ತಿ ಓಡುತ್ತಿದ್ದರು. ಆಗ ಕಂಪನಿ ದೊಡ್ಡ ಮನಸ್ಸು ಮಾಡಿ, ಅಲ್ಲಿನ ಕೆಲವು ಕಾರುಗಳ ಬ್ಯಾಟರಿಗೆ ತಾನೇ ಹಾಕಿದ್ದ ಬೀಗವನ್ನು ದೂರದಿಂದಲೇ ತೆಗೆಯಿತು. ಗಾಡಿಗಳು ಇನ್ನಷ್ಟು ಮೈಲಿ ಓಡಿದವು. ಎಷ್ಟೋ ಜನಕ್ಕೆ ಆಗಲೇ ಗೊತ್ತಾದದ್ದು, ಅಷ್ಟು ದೊಡ್ಡ ಬ್ಯಾಟರಿಯನ್ನು ತಾವು ಇಷ್ಟು ದಿನ ಹೊತ್ತುಕೊಂಡೇ ತಿರುಗುತ್ತಿದ್ದೆವು ಎಂದು. ಕೆಲವೇ ದಿನ. ಆಮೇಲೆ ಮತ್ತೆ ಬೀಗ! 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಊರಿಗೆ ಊರೇ ಓಡಿದ್ದು ನಿಮಗೆ ನೆನಪಿರಬೇಕು. ಅಂಥ ರಾತ್ರಿಯಲ್ಲಿ ನಿಮ್ಮ ಗಾಡಿ ಎಷ್ಟು ದೂರ ಓಡಬೇಕು ಎಂಬುದನ್ನು ಸಾವಿರಾರು ಮೈಲಿ ದೂರದ ಒಬ್ಬ ದಣಿ ತೀರ್ಮಾನಿಸುವುದಾದರೆ?

"ಇದೆಲ್ಲ ಕೋಟಿ ಬೆಲೆಯ ಕಾರಿನವರ ಗೋಳು, ನನಗೇನು" ಎನ್ನುತ್ತಿದ್ದೀರಾ? ಹಾಗಾದರೆ ಬನ್ನಿ, ನಿಮ್ಮ ಸ್ಕೂಟರಿಗೇ ಬರೋಣ.

ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 2021ರ ಆಗಸ್ಟ್ 15ರಂದು ಎರಡು ಸ್ಕೂಟರ್ ತೋರಿಸಿತು. ಎಸ್1 ಮತ್ತು ಎಸ್1 ಪ್ರೊ. ಬೆಲೆಯಲ್ಲಿ 30 ಸಾವಿರ ವ್ಯತ್ಯಾಸ. 2022ರ ಜನವರಿಯಲ್ಲಿ ಎಸ್1 ಬುಕ್ ಮಾಡಿದ್ದವರಿಗೆ ಏನು ಹೇಳಿತು ಗೊತ್ತೇ? ನಿಮಗೂ ಪ್ರೊ ಗಾಡಿಯ ಯಂತ್ರಾಂಗವನ್ನೇ ಕೊಡುತ್ತೇವೆ, ಆದರೆ ಪ್ರೊ ಸೌಲಭ್ಯ ಸಿಗುವುದಿಲ್ಲ. ಬೇಕಾದರೆ 30 ಸಾವಿರ ಕಟ್ಟಿ, ಸಾಫ್ಟ್‌ವೇರ್ ಮೂಲಕ ತೆರೆದುಕೊಡುತ್ತೇವೆ! ಒಂದೇ ಗಾಡಿ. ಒಬ್ಬನಿಗೆ ತೆರೆದದ್ದು, ಇನ್ನೊಬ್ಬನಿಗೆ ಮುಚ್ಚಿದ್ದು. ಬೆಂಗಳೂರಿನದೇ ಇನ್ನೊಂದು ಕಂಪನಿ ಏಥರ್ ತನ್ನ ಸೌಲಭ್ಯಗಳ ಒಂದು ಕಟ್ಟನ್ನು ಪ್ರೊ ಪ್ಯಾಕ್ ಎಂದು ಹೆಸರಿಟ್ಟು ಬೇರೆಯಾಗಿ ಮಾರುತ್ತದೆ. ಕಾರಿನವರಲ್ಲಿ ಎಂಜಿ ಕಂಪನಿ 2024ರ ಸೆಪ್ಟೆಂಬರ್‌ನಲ್ಲಿ ವಿಂಡ್ಸರ್ ಕಾರನ್ನು 9.99 ಲಕ್ಷಕ್ಕೆ ಇಟ್ಟಿತು. ಬ್ಯಾಟರಿಗೆ ಮಾತ್ರ ಕಿಲೋಮೀಟರಿಗೆ 3.50 ರೂಪಾಯಿ ಬಾಡಿಗೆ. ಇದರಲ್ಲಿ ಒಂದು ಪ್ರಾಮಾಣಿಕತೆ ಇದೆ, ಒಪ್ಪುತ್ತೇನೆ. ಬಾಡಿಗೆ ಎಂದು ಹೇಳಿಯೇ ಬಾಡಿಗೆ ತೆಗೆದುಕೊಳ್ಳುತ್ತಾರೆ. ಮಾರಿದ್ದೇನೆ ಎಂದು ಹೇಳಿ ಬಾಡಿಗೆ ಕೀಳುವವನದೇ ನನ್ನ ತಕರಾರು.

ಕಂಪನಿಯವರಿಗೂ ಒಂದು ವಾದ ಇದೆ. ಎಲ್ಲ ಗಾಡಿಯಲ್ಲೂ ಒಂದೇ ಸಾಮಾನು ಹಾಕಿದರೆ ತಯಾರಿಕೆ ಅಗ್ಗ, ಬೇಕಾದವನು ಬೇಕಾದಾಗ ತೆರೆಸಿಕೊಳ್ಳಲಿ ಎನ್ನುತ್ತಾರೆ. ಸರಿ ಸ್ವಾಮಿ. ಹಾಗಾದರೆ ಮುಚ್ಚಿದ ಸಾಮಾನಿನ ಬೆಲೆಯನ್ನು ಬಿಲ್ಲಿನಿಂದ ಕಳೆದಿದ್ದೀರಾ? ನಮ್ಮ ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ. 17. ಅದರ ಮೇಲೆ ಸೆಸ್. ಅದಕ್ಕೂ ಮೊದಲು ಜಿಎಸ್‌ಟಿ. ಇಷ್ಟನ್ನೂ ಪೂರ್ತಿ ಕಾರಿನ ಬೆಲೆಯ ಮೇಲೆ ಕಟ್ಟಿಸಿಕೊಳ್ಳುತ್ತಾರೆ, ಬೀಗ ಹಾಕದ ಭಾಗದ ಮೇಲೆ ಮಾತ್ರ ಅಲ್ಲ. ವಿಮೆಯೂ ಪೂರ್ತಿಗೆ. ಆ ಸಾಮಾನಿನ ಭಾರ ಹೊರುವುದು ನಿಮ್ಮ ಪೆಟ್ರೋಲು. ಕೆಟ್ಟರೆ ರಿಪೇರಿ ನಿಮ್ಮ ಜೇಬಿನಿಂದ. ಉಪಯೋಗ ಮಾತ್ರ ಅವರ ಅಪ್ಪಣೆಯಿಂದ! ಕೊಡಗಿನ ಯಾವ ಐನ್‌ಮನೆಯ ಬಾಗಿಲಿಗೆ ಹೀಗೆ ಬೇರೆಯವನ ಬೀಗ ಹಾಕಿ ಬದುಕಿ ಬರಬಹುದು, ಹೇಳಿ ನೋಡೋಣ.

ಎಲ್ಲ ಚಂದಾವೂ ದರೋಡೆ ಎಂದು ನಾನು ಹೇಳುತ್ತಿಲ್ಲ. ರಸ್ತೆಯ ಟ್ರಾಫಿಕ್ ಎಲ್ಲಿ ಕಟ್ಟಿಕೊಂಡಿದೆ ಎಂದು ಹೇಳುವ ನಕ್ಷೆ, ಕಾರಿನೊಳಗಿನ ಸಿಮ್ ಕಾರ್ಡು, ಕರೆ ಎತ್ತಲು ಕೂತಿರುವ ಹುಡುಗಿ, ಇವಕ್ಕೆ ತಿಂಗಳು ತಿಂಗಳು ಖರ್ಚಿದೆ. ಕೇಳಲಿ, ಕೊಡೋಣ. ಆದರೆ ಸೀಟಿನ ತಂತಿಗೆ ಯಾವ ತಿಂಗಳ ಖರ್ಚು? ಮೋಟಾರಿನ ಶಕ್ತಿಗೆ ಯಾವ ಸರ್ವರು?

ಇನ್ನು ಪ್ರಾಣ ಉಳಿಸುವ ಗುಂಡಿ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸದಾಗಿ ಮಂಜೂರಾಗುವ ಪ್ರತಿ ಕಾರು ಮಾದರಿಯಲ್ಲೂ ಇಕಾಲ್ ಎಂಬ ವ್ಯವಸ್ಥೆ ಕಡ್ಡಾಯ. ಅಪಘಾತವಾದರೆ ಕಾರು ತಾನಾಗಿ 112ಕ್ಕೆ ಕರೆ ಮಾಡಬೇಕು. ಅದಕ್ಕೆ ಒಂದು ಪೈಸೆಯನ್ನೂ ಕೇಳುವಂತಿಲ್ಲ. ಅಂದರೆ ಅಲ್ಲಿ ಕಾನೂನು ಕೈ ತಿರುಚಿದಾಗ ಕಂಪನಿಗಳು ಪುಕ್ಕಟೆ ಕೊಡುತ್ತವೆ. ಇಲ್ಲಿ? ನಮ್ಮಲ್ಲೂ 112 ಇದೆ. ಸಿಮ್‌ನಲ್ಲಿ ಕಾಸಿಲ್ಲದಿದ್ದರೂ ಆ ಕರೆ ಹೋಗುತ್ತದೆ. ಐನೂರು ರೂಪಾಯಿಯ ಹಳೇ ಫೋನು ಚಂದಾ ಕೇಳದೆ ಮಾಡುವ ಕೆಲಸಕ್ಕೆ ಲಕ್ಷಾಂತರದ ಕಾರು ಚಂದಾ ಕೇಳುತ್ತದೆ! ನಮ್ಮ ಸಂಸದರು 28 ಜನ ಇದ್ದಾರಲ್ಲ, ದೆಹಲಿಯಲ್ಲಿ ಒಬ್ಬರಾದರೂ ಎದ್ದು ನಿಂತು ಯುರೋಪಿನ ಈ ಕಾನೂನು ನಮಗೇಕಿಲ್ಲ ಎಂದು ಕೇಳಲಿ.

ಈಗ ಕನ್ನಡಕ್ಕೆ ಬರುತ್ತೇನೆ. ಇಷ್ಟು ಹೊತ್ತು ಕನ್ನಡದ್ದನ್ನೇ ಮಾತಾಡಿದ್ದು, ಸರಿಯಾಗಿ ನೋಡಿ.

ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು ಎಂದು 2023ರ ಡಿಸೆಂಬರ್‌ನಲ್ಲಿ ನಮ್ಮವರು ಬೀದಿಗಿಳಿದರು, ಜೈಲಿಗೆ ಹೋದರು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಒಳ್ಳೆಯದು. ಆದರೆ ಬೋರ್ಡು ಅಂಗಡಿಯ ಹೊರಗಿದೆ. ನೀವು ದಿನಕ್ಕೆ ಎರಡು ಗಂಟೆ ಸಿಲ್ಕ್ ಬೋರ್ಡಿನಲ್ಲಿ ಕೂತು ನೋಡುವ ಬೋರ್ಡು ಯಾವುದು? ನಿಮ್ಮ ಸ್ಟೀರಿಂಗ್ ಪಕ್ಕದ ಪರದೆ! ಅದರಲ್ಲಿ ಕನ್ನಡ ಎಷ್ಟು ಪಾಲು? ಕೆಲವು ಕಂಪನಿಗಳು ಪರದೆಯಲ್ಲಿ ಕನ್ನಡ ಕೊಟ್ಟಿವೆ, ಸಂತೋಷ. ಅಂದರೆ ಅದು ಆಗದ ಕೆಲಸ ಅಲ್ಲ ಎಂದಾಯಿತು. ನನ್ನ ಕಾರಿನ ಪಟ್ಟಿಯಲ್ಲಿ ಹುಡುಕಿದೆ. ಇಲ್ಲ. ಚರಂಡಿಯಲ್ಲಿ ವಾಲಿ ನಿಂತ ಕಾರಿನೊಳಗೆ ಕೂತು, ಕರ್ನಾಟಕದ ನೆಲದ ಮೇಲೆ, ನನಗೆ ತಿಳಿಯದ ನುಡಿಯಲ್ಲಿ ನನ್ನ ಹಕ್ಕು ಮುಗಿದಿದೆ ಎಂದು ಕೇಳಿಸಿಕೊಂಡೆ. ನನಗಾದರೂ ಇಂಗ್ಲಿಷ್ ಓದಲು ಬರುತ್ತದೆ. ಹಿಂದಿನ ಸೀಟಿನಲ್ಲಿ ನಮ್ಮ ಅವ್ವ ಕೂತಿದ್ದರೆ?

ಎಲ್ಲವೂ ಸ್ವಿಚ್ಚು ಎಂದಾದ ಮೇಲೆ ಭಾಷೆಯೂ ಒಂದು ಸ್ವಿಚ್ಚು. ಇಂದು ಬಿಸಿ ಸೀಟಿಗೆ ಬೆಲೆ ಕಟ್ಟಿದವನು ನಾಳೆ 'ಪ್ರಾದೇಶಿಕ ಭಾಷೆಗಳ ಪ್ಯಾಕ್, ತಿಂಗಳಿಗೆ ಇಷ್ಟು' ಎಂದರೆ ಅವನನ್ನು ತಡೆಯುವ ಕಾನೂನು ಎಲ್ಲಿದೆ? ಇಂಗ್ಲಿಷು, ಹಿಂದಿ ಪುಕ್ಕಟೆ; ಕನ್ನಡಕ್ಕೆ ಚಂದಾ! ನಗಬೇಡಿ. ಬಿಸಿ ಸೀಟಿಗೆ ಬಾಡಿಗೆ ಎಂದಾಗಲೂ ಜನ ಮೊದಲು ನಕ್ಕಿದ್ದರು.

ನಮ್ಮ ಸರ್ಕಾರ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮದ ಅಡಿ 2025ರಲ್ಲಿ ಒಂದು ಆದೇಶ ಹೊರಡಿಸಿತು. ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು, ಬಳಕೆಯ ವಿವರ ಕನ್ನಡದಲ್ಲೂ ಇರಬೇಕು ಎಂದು. 'ರಾಜ್ಯದಲ್ಲಿ ತಯಾರಾಗುವ' ಎಂಬ ಆ ಎರಡು ಪದ ಗಮನಿಸಿ. ಓಲಾದ ಕಚೇರಿ ಬೆಂಗಳೂರು, ಕಾರ್ಖಾನೆ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ. ಏಥರಿನ ಕಚೇರಿ ಬೆಂಗಳೂರು, ಕಾರ್ಖಾನೆ ಹೊಸೂರು. ಅತ್ತಿಬೆಲೆ ಗೇಟು ದಾಟಿದರೆ ಸಾಕು, ಆದೇಶ ಅಲ್ಲಿಗೇ ನಿಂತಿತು! ನಮ್ಮ ನೀರು, ನಮ್ಮ ಕರೆಂಟು, ನಮ್ಮ ರಸ್ತೆ, ನಮ್ಮ ಗಿರಾಕಿ. ಕನ್ನಡ ಕೇಳಿದರೆ ಗಾಡಿ ಹುಟ್ಟಿದ್ದು ಆಚೆ ಊರಿನಲ್ಲಿ! ಎಲ್ಲಿ ತಯಾರಾಯಿತು ಎನ್ನುವುದಲ್ಲ, ಎಲ್ಲಿ ಮಾರಿದಿರಿ ಎನ್ನುವುದನ್ನು ಕಾನೂನು ಕೇಳಬೇಕು. ಬಿಲ್ಲು, ಷರತ್ತು, ಪರದೆ, ಎಚ್ಚರಿಕೆಯ ದನಿ, ಇಷ್ಟೂ ಕನ್ನಡದಲ್ಲಿ ಇಲ್ಲದಿದ್ದರೆ ಗಾಡಿ ಕರ್ನಾಟಕದಲ್ಲಿ ನೋಂದಣಿ ಆಗಬಾರದು ಎಂಬ ಬೇಡಿಕೆಯನ್ನು ನಮ್ಮ ಸಂಘಟನೆಗಳು ಯಾಕೆ ಇನ್ನೂ ಎತ್ತಿಲ್ಲ? ರಾಜ್ಯದ ಕೈಗೆ ಎಟುಕುವುದೆಷ್ಟು, ದೆಹಲಿಯ ಕೈಯಲ್ಲಿರುವುದೆಷ್ಟು ಎಂದು ವಕೀಲರು ಜಗಳವಾಡಲಿ. ಮೊದಲು ಬೇಡಿಕೆ ಇಡೋಣ.

ನನಗೆ ಇದನ್ನೆಲ್ಲ ನೋಡಿದಾಗ ಬೀಜದ ಕಥೆ ನೆನಪಾಗುತ್ತದೆ. ನಿಮ್ಮಲ್ಲಿ ಬಹಳ ಜನ ಆಗ ಹುಟ್ಟಿರಲಿಲ್ಲ. 1992ರ ಡಿಸೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆಸೆದರು. ಪೇಟೆಯ ವಿದ್ಯಾವಂತರು ಇವರಿಗೆ ಹುಚ್ಚು ಎಂದರು. ರೈತರ ಪ್ರಶ್ನೆ ಬಹಳ ಸರಳ. ದುಡ್ಡು ಕೊಟ್ಟು ತಂದ ಬೀಜ ನನ್ನ ಹೊಲದಲ್ಲಿ ಬೆಳೆದ ಮೇಲೆ ಅದರ ಬೀಜ ಯಾರದು? 1998ರಲ್ಲಿ ಅಮೆರಿಕದಲ್ಲಿ ಒಂದು ಪೇಟೆಂಟ್ ಬಂತು. ಬೆಳೆ ಬರುತ್ತದೆ, ಆದರೆ ಅದರ ಕಾಳು ಮತ್ತೆ ಮೊಳೆಯುವುದಿಲ್ಲ. ಪ್ರತಿ ವರ್ಷ ಕಂಪನಿಯ ಬಾಗಿಲಿಗೇ ಬರಬೇಕು. ಜನ ಅದಕ್ಕೆ ಟರ್ಮಿನೇಟರ್ ಬೀಜ ಎಂದು ಹೆಸರಿಟ್ಟರು. ಜಗತ್ತಿನ ರೈತರೆಲ್ಲ ಎದ್ದರು, ಆ ಬೀಜ ಮಾರುಕಟ್ಟೆಗೆ ಬರಲೇ ಇಲ್ಲ. 2001ರಲ್ಲಿ ನಮ್ಮ ಸಂಸತ್ತು ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ ಹಕ್ಕು ರೈತನದು ಎಂದು ಅದರಲ್ಲಿ ಬರೆದಿದೆ. ಹುಚ್ಚರು ಎನಿಸಿಕೊಂಡವರ ಪ್ರಶ್ನೆಗೆ ಹತ್ತು ವರ್ಷದೊಳಗೆ ಕಾನೂನಿನ ಉತ್ತರ ಬಂತು.

ನಿಮ್ಮ ಕಾರು ಈಗ ಅದೇ ಬೀಜ. ಕೊಂಡಿದ್ದೀರಿ, ಆದರೆ ಪ್ರತಿ ವರ್ಷ ಬಾಗಿಲಿಗೆ ಬನ್ನಿ.

ಇಂದು ಯಾರ ಕಚೇರಿಗೂ ನುಗ್ಗಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕಲಂ 2(46) ಓದಿ. ಗ್ರಾಹಕನ ಹಕ್ಕನ್ನು ಬುಡಮೇಲು ಮಾಡುವ ಏಕಪಕ್ಷೀಯ ಷರತ್ತಿಗೆ 'ಅನ್ಯಾಯದ ಕರಾರು' ಎಂದೇ ಹೆಸರು. ಅಂಥ ಕರಾರಿನ ವಿರುದ್ಧ ಬೆಂಗಳೂರಿನ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಡುತ್ತೇನೆ ಎಂದ ಸೇವೆ ಕೊಡದಿದ್ದರೆ, ಸುಳ್ಳು ಹೇಳಿ ಮಾರಿದ್ದರೆ ಜಿಲ್ಲಾ ಆಯೋಗವೇ ಸಾಕು. ಮಡಿಕೇರಿಯಲ್ಲೂ ಇದೆ, ನಿಮ್ಮ ಜಿಲ್ಲೆಯಲ್ಲೂ ಇದೆ. 50 ಲಕ್ಷದವರೆಗಿನ ಖರೀದಿ ಅಲ್ಲೇ ನಡೆಯುತ್ತದೆ. 5 ಲಕ್ಷದವರೆಗೆ ಶುಲ್ಕವೇ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ. ಒಂದು ಸಿನಿಮಾ ಟಿಕೆಟ್ಟಿಗೂ ಇಂದು ಅಷ್ಟು ಸಾಲುವುದಿಲ್ಲ!

ಆದರೆ ಆಯೋಗಕ್ಕೆ ಹೋಗುವುದಕ್ಕೆ ಮೊದಲು ಷೋರೂಮಿನಲ್ಲೇ ಒಂದು ಕೆಲಸ ಮಾಡಿ. ಹೂಮಾಲೆ ಹಾಕಿದ ಕಾರಿನ ಮುಂದೆ ಫೋಟೊ ತೆಗೆಸಿಕೊಳ್ಳುವ ಮುಂಚೆ ಕೇಳಿ: ಇದರಲ್ಲಿ ಯಾವ ಯಾವ ಸೌಲಭ್ಯಕ್ಕೆ ಅವಧಿ ಇದೆ? ಎಂದು ಮುಗಿಯುತ್ತದೆ? ಆಮೇಲೆ ಎಷ್ಟು? ನಾನು ಇನ್ನೊಬ್ಬನಿಗೆ ಮಾರಿದರೆ ಅವನಿಗೆ ಬರುತ್ತದೆಯೇ? ಕನ್ನಡದಲ್ಲಿ ಬರೆದು, ಸೀಲು ಹಾಕಿ ಕೊಡಿ. ಸೇಲ್ಸ್ ಹುಡುಗ ತಬ್ಬಿಬ್ಬಾಗುತ್ತಾನೆ. ಅವನಿಗೆ ಬೈಯಬೇಡಿ, ಅವನೂ ಸಂಬಳಕ್ಕೆ ದುಡಿಯುವ ನಮ್ಮ ಹುಡುಗ. ಮ್ಯಾನೇಜರನ್ನು ಕರೆಸಿ. ದಿನಕ್ಕೆ ಹತ್ತು ಜನ ಹೀಗೆ ಕೇಳಿದರೆ ಹನ್ನೊಂದನೆಯವನಿಗೆ ಆ ಕಾಗದ ಅಚ್ಚಾಗಿ ಸಿದ್ಧವಾಗಿರುತ್ತದೆ. ಬಿಸಿ ಸೀಟಿನ ಬಾಡಿಗೆ ಬರೀ ಉಗುಳಿಗೇ ನಿಂತಿತ್ತು, ನೆನಪಿದೆಯಲ್ಲ?

ಕೊನೆಗೆ ಒಂದು ಕಹಿ ಮಾತು, ಸಿಟ್ಟಾಗಬೇಡಿ. ಈ ಬೀಗಗಳನ್ನು ಯಾರು ಬರೆಯುತ್ತಾರೆ? ಮರ್ಸಿಡಿಸ್‌ನ ದೊಡ್ಡ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲಿದೆ. ಬಾಷ್ ಇಲ್ಲಿದೆ. ಜನರಲ್ ಮೋಟಾರ್ಸ್‌ನ ತಾಂತ್ರಿಕ ಕೇಂದ್ರ ಇಲ್ಲಿದೆ. ಇಡೀ ಜಗತ್ತಿನ ಕಾರುಗಳ ಮೆದುಳಿನ ಒಂದು ಪಾಲು ನಮ್ಮ ವೈಟ್‌ಫೀಲ್ಡ್, ಕೋರಮಂಗಲ, ಆಡುಗೋಡಿಗಳಲ್ಲಿ ತಯಾರಾಗುತ್ತದೆ. ಅಲ್ಲಿ ಕೂತವರಲ್ಲಿ ಹಾಸನದವರಿದ್ದಾರೆ, ದಾವಣಗೆರೆಯವರಿದ್ದಾರೆ, ವಿರಾಜಪೇಟೆಯವರೂ ಇದ್ದಾರೆ. ನವೆಂಬರ್ ಬಂದರೆ ಹಳದಿ ಕೆಂಪು ಶಾಲು ಹೊದ್ದು ಆಫೀಸಿನಲ್ಲಿ ಕುಣಿಯುತ್ತೀರಿ. ಭಾಷೆಗಳ ಪಟ್ಟಿ ತಯಾರಾಗುವ ಮೀಟಿಂಗಿನಲ್ಲಿ ಒಬ್ಬರಾದರೂ ಕೈ ಎತ್ತಿ 'ಕನ್ನಡ ಎಲ್ಲಿ?' ಎಂದು ಕೇಳಿದ್ದೀರಾ? ತುರ್ತು ಗುಂಡಿಗೆ ಚಂದಾ ಕಟ್ಟುವ ಷರತ್ತನ್ನು ಕೋಡಿನಲ್ಲಿ ಬರೆಯುವಾಗ ಒಬ್ಬರಿಗಾದರೂ ಕೈ ನಡುಗಿತೇ?

ಮಾಕುಟ್ಟದಿಂದ ಬಂದ ಮಾರನೇ ವಾರ ನಾನು ಕಂಪನಿಗೆ ಪತ್ರ ಬರೆದೆ, ಕನ್ನಡದಲ್ಲಿ. ರಿಜಿಸ್ಟರ್ಡ್ ಪೋಸ್ಟು. ಇಪ್ಪತ್ತು ದಿನದ ಮೇಲೆ ಉತ್ತರ ಬಂತು, ಇಂಗ್ಲಿಷಿನಲ್ಲಿ. ನಿಮ್ಮ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿಲ್ಲ, ಯೋಜನೆಯನ್ನು ನವೀಕರಿಸಲು ಆ್ಯಪ್ ನೋಡಿ ಎಂದು. ನಮಗೆ ಕಾರು ಮಾರುವಾಗ ಅರ್ಥವಾಗಿದ್ದ ಭಾಷೆ ದೂರು ಕೊಟ್ಟಾಗ ಅರ್ಥವಾಗಲಿಲ್ಲ! ಎರಡನೇ ಪತ್ರ ಈ ವಾರ ಹೋಗುತ್ತಿದೆ, ಅದೂ ಕನ್ನಡದಲ್ಲೇ. ಮೂರನೆಯದು ಆಯೋಗಕ್ಕೆ. ನಿಮ್ಮ ಗಾಡಿಯಲ್ಲೂ ಇಂಥ ಬೀಗ ಬಿದ್ದಿದ್ದರೆ ಬಿಲ್ಲಿನ ನಕಲು, ಪರದೆಯ ಫೋಟೊ ನಮ್ಮ ಪತ್ರಿಕೆಗೆ ಕಳಿಸಿ. ಎಲ್ಲವನ್ನೂ ಒಂದೇ ಕಟ್ಟು ಮಾಡಿ ಅದರ ಜೊತೆಗಿಡುತ್ತೇನೆ.